ತುರ್ತುಪರಿಸ್ಥಿತಿಯ ಸೆನ್ಸಾರ್ ಮೇಜು: ಕನ್ನಡದಲ್ಲಿ ವಿಡಂಬನೆಯ ಪಠ್ಯ ಆಟ ಕಟ್ಟುವ ಲೆಕ್ಕ

(ಇದೊಂದು ಚರ್ಚೆ. ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ಗ್ಯಾಲಿಪ್ರೂಫ್

ಓದುತ್ತಾ, ಆಯ್ಕೆ ಮಾಡುತ್ತಾ ಸಾಗುವ, ಚಿತ್ರವಿಲ್ಲದ ಒಂದು ಕನ್ನಡ ಆಟದ ಕರಡು ಇಲ್ಲಿದೆ. ಕಾಲ 1975ರ ಜೂನ್ 26ರಿಂದ 1977ರ ಜನವರಿವರೆಗೆ. ಸ್ಥಳ ಬೆಂಗಳೂರಿನ ಒಂದು ಸಣ್ಣ ದಿನಪತ್ರಿಕೆ, ಹೆಸರಿಟ್ಟಿಲ್ಲ. ಆಡುವವರು ರಾತ್ರಿ ಪಾಳಿಯ ಉಪಸಂಪಾದಕರ ಜಾಗದಲ್ಲಿ ಕೂರುತ್ತಾರೆ. ಒಟ್ಟು 12 ರಾತ್ರಿ, ರಾತ್ರಿಗೆ ನಾಲ್ಕು ಸುದ್ದಿ. ಪ್ರತಿ ಸುದ್ದಿಗೂ ಮೂರು ದಾರಿ: ಹಾಗೇ ಕಳಿಸು, ಕತ್ತರಿಸು, ಬೇರೆಯದು ಹಾಕು.

ತೊಂದರೆ ಎರಡು. ಮೊದಲನೆಯದು ಕವಲು. ಒಂದು ರಾತ್ರಿಗೇ ಮೂರರ ನಾಲ್ಕು ಘಾತ, ಅಂದರೆ 81 ದಾರಿ. ಎರಡನೇ ರಾತ್ರಿಗೆ ಅದು 6,561. ಬರೆದು ಮುಗಿಯುವ ಮಾತಲ್ಲ. ಎರಡನೆಯದು ಇನ್ನೂ ದೊಡ್ಡದು. ಸೆನ್ಸಾರ್ ಕಚೇರಿಯಿಂದ ಪತ್ರಿಕೆಗೆ ಬರುವ ಸುತ್ತೋಲೆಗಳಲ್ಲಿ ನಗು ಬರುತ್ತದೆ, ಆದರೆ ಆ ನಗು ಆಟಗಾರರನ್ನು ಹೊರಗಿನ ಪ್ರೇಕ್ಷಕರನ್ನಾಗಿ ಮಾಡಿಬಿಡುತ್ತದೆ. ಆಳುವವರು ಮೂರ್ಖರು, ನಾನು ಜಾಣ ಅನ್ನುವ ಭಾವ. ಅದು ಬೇಡ. ಆ ಮೇಜಿನ ಭಾರ ಕೈಗೆ ತಾಕಬೇಕು. ಈ ಬಗೆಯ ಆಟಗಳ ಒಳಗೆಲುಬು ಗೊತ್ತಿರುವವರು ದಯವಿಟ್ಟು ಹೇಳಿ.

ಕವಲುದಾರಿ

ಎರಡನೇ ತೊಂದರೆಯಿಂದ ಶುರು ಮಾಡೋಣ, ಅದು ಬಗೆಹರಿದರೆ ಮೊದಲನೆಯದು ತಾನಾಗಿ ಅರ್ಧ ಕರಗುತ್ತದೆ.

2013ರ ಆಗಸ್ಟ್‌ನಲ್ಲಿ ಬಂದ ಲೂಕಸ್ ಪೋಪ್ ಅವರ 'ಪೇಪರ್ಸ್, ಪ್ಲೀಸ್' ಎಂಬ ಕಂಪ್ಯೂಟರ್ ಆಟವನ್ನು ಬಿಚ್ಚಿ ನೋಡಿ. ಆರ್ಸ್‌ಟೋಟ್ಸ್ಕಾ ಎಂಬ ಕಲ್ಪಿತ ದೇಶದ ಗಡಿ ಠಾಣೆ, ಆಡುವವರು ಅಲ್ಲಿ ಬರುವವರ ಕಾಗದ ಪರಿಶೀಲಿಸುವ ಗುಮಾಸ್ತರು, 1982ರ ನವೆಂಬರ್ 23ರಿಂದ 31 ದಿನ, 20 ಅಂತ್ಯ. ಇಡೀ ಆಟ ನಿಂತಿರುವುದು ಕೂಲಿಯ ಲೆಕ್ಕದ ಮೇಲೆ. ಸರಿಯಾಗಿ ಪರಿಶೀಲಿಸಿದ ಪ್ರತಿ ಒಬ್ಬರಿಗೆ 5 ಕ್ರೆಡಿಟ್. ದಿನದ ಮೊದಲ ಎರಡು ತಪ್ಪಿಗೆ ಎಚ್ಚರಿಕೆಯ ಚೀಟಿ ಮಾತ್ರ, ಮೂರನೆಯದರಿಂದ ದಂಡ. ಸಂಜೆ ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು. ಆ ಎರಡು ಪುಕ್ಕಟೆ ತಪ್ಪುಗಳೇ ಆಟದ ಹೃದಯ. ಗಂಡನ ಕಾಗದ ಸರಿಯಿದೆ, ಹಿಂದೆ ನಿಂತ ಹೆಂಡತಿಯ ಕಾಗದ ಸರಿಯಿಲ್ಲ. ಒಳಗೆ ಬಿಡಲು ಕರುಣೆ ಸಾಲದು, ಇವತ್ತಿನ ಎರಡು ಚೀಟಿಯಲ್ಲಿ ಒಂದು ಉಳಿದಿರಬೇಕು. ಬೆಳಿಗ್ಗೆಯೇ ಅಜಾಗರೂಕತೆಯಿಂದ ಎರಡನ್ನೂ ಕಳೆದುಕೊಂಡಿದ್ದರೆ ಮಧ್ಯಾಹ್ನ ಕರುಣೆಗೆ ಬೆಲೆ ತೆರಬೇಕು. ಆ ಪ್ರಭುತ್ವ ಕೆಟ್ಟದ್ದು ಎಂದು ಆಟ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ನಿಯಮವೇ ಅದನ್ನು ಆಡುವವರ ಕೈಯಲ್ಲಿ ಮಾಡಿಸುತ್ತದೆ.

ಹಾಗಾಗಿ ವಿಡಂಬನೆಯನ್ನು ವಾಕ್ಯದಿಂದ ತೆಗೆದು ನಿಯಮಕ್ಕೆ ಹಾಕಿ. ಸುತ್ತೋಲೆ ಗಂಭೀರವಾಗಿಯೇ ಇರಲಿ. ಅದನ್ನು ಪಾಲಿಸಿದಾಗ ಏನಾಗುತ್ತದೆ ಅನ್ನುವುದರಲ್ಲಿ ನಗುವೂ ನೋವೂ ಬರಲಿ.

ಕವಲಿನ ವಿಚಾರ: ದಾರಿಗಳನ್ನು ಬರೆಯಬೇಡಿ, ಸ್ಥಿತಿಯನ್ನು ಇಟ್ಟುಕೊಳ್ಳಿ. ನಾಲ್ಕೈದು ಅಂಕಿಗಳು ರಾತ್ರಿಯಿಂದ ರಾತ್ರಿಗೆ ಸಾಗುತ್ತವೆ, ಪಠ್ಯ ಮಾತ್ರ ಒಂದೇ ಸಾಲಾಗಿ ಹೋಗುತ್ತದೆ, ಅಂಕಿ ನೋಡಿ ಅಲ್ಲಲ್ಲಿ ಒಂದು ಪ್ಯಾರಾ ಬದಲಾಗುತ್ತದೆ. ಆಗ ಬರವಣಿಗೆಯ ಲೆಕ್ಕ ಹೀಗೆ: 48 ಸುದ್ದಿ, ತಲಾ 60 ಪದ, ಒಟ್ಟು 2,880. ಪ್ರತಿ ಸುದ್ದಿಗೆ ಮೂರು ಪ್ರತಿಕ್ರಿಯೆ, ತಲಾ 25 ಪದ, ಒಟ್ಟು 3,600. ರಾತ್ರಿಗೊಂದು ಸೇತುವೆ ಪಠ್ಯ 150 ಪದ, ಒಟ್ಟು 1,800. ಎಲ್ಲ ಸೇರಿ 8,280. ಒಬ್ಬರು ಬರೆಯಬಹುದಾದ ಗಾತ್ರ.

ಹಳೇಕ್ಯಾಸೆಟ್

ಕವಲುದಾರಿ ಹೇಳಿದ್ದು ಸರಿ, ಆದರೆ ಅದೊಂದೇ ಮಾದರಿ ಎಂದುಕೊಳ್ಳಬಾರದು. ಸರ್ವಾಧಿಕಾರದ ಒಳಗೇ ಕೂತು ಬರೆದ ಪಠ್ಯ ಆಟಗಳು ಬೇರೆ ಥರ ಇವೆ. 1988-89ರ ಕಮ್ಯುನಿಸ್ಟ್ ಜೆಕೊಸ್ಲೊವಾಕಿಯಾ ನೋಡಿ.

ಅಲ್ಲಿ ಪುಸ್ತಕ, ನಾಟಕ, ಸಿನಿಮಾ ಎಲ್ಲಕ್ಕೂ ಮೇಲಿನ ಕಣ್ಣಿತ್ತು. ಕಂಪ್ಯೂಟರ್ ಆಟವನ್ನು ಮಾತ್ರ ಪ್ರಕಟಣೆ ಎಂದು ಯಾರೂ ಎಣಿಸಲಿಲ್ಲ. ಹುಡುಗರ ಕಂಪ್ಯೂಟರ್ ಕ್ಲಬ್ಬುಗಳು ನಡೆಯುತ್ತಿದ್ದುದು ಸ್ವಾಝಾರ್ಮ್ ಎಂಬ, ಸೇನೆಯ ಜೊತೆ ಸಹಕಾರಕ್ಕಾಗಿ ಕಟ್ಟಿದ ಸರ್ಕಾರಿ ಸಂಸ್ಥೆಯ ನೆರಳಲ್ಲೇ. ಸ್ಪೆಕ್ಟ್ರಮ್ ಎಂಬ ಬ್ರಿಟಿಷ್ ಮನೆ ಕಂಪ್ಯೂಟರ್, ಅದರ ಸ್ಲೊವಾಕ್ ತದ್ರೂಪು ದಿದಾಕ್ತಿಕ್ ಗಾಮಾ, ಟೇಪ್ ರೆಕಾರ್ಡರ್. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗುತ್ತಾ ಆಟ ಊರೂರು ಸೇರುತ್ತಿತ್ತು.

1989ರ ಜನವರಿಯಲ್ಲಿ ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿ, ಯಾನ್ ಪಾಲಾಕ್ ಎಂಬ ವಿದ್ಯಾರ್ಥಿ ಸೋವಿಯತ್ ಆಕ್ರಮಣದ ವಿರುದ್ಧ ಬೆಂಕಿ ಹಚ್ಚಿಕೊಂಡ 20ನೇ ವರ್ಷದ ನೆನಪಿಗೆ ಸೇರಿದ ಜನರನ್ನು ಪೊಲೀಸರು ಹೊಡೆದು ಚದುರಿಸಿದರು. ಆ ಚೌಕದ ಹೆಸರನ್ನೂ ಜನವರಿ 16ರ ದಿನಾಂಕವನ್ನೂ ಶೀರ್ಷಿಕೆಯಲ್ಲೇ ಹೊತ್ತ ಒಂದು ಪಠ್ಯ ಆಟ ಬಂತು. ಹಾಲಿವುಡ್ಡಿನ ಇಂಡಿಯಾನಾ ಜೋನ್ಸ್ ಆ ಚೌಕದಲ್ಲಿ ಸಿಕ್ಕಿಬಿದ್ದಿದ್ದಾನೆ, ಹೊರಬೀಳಬೇಕು. ಬರೆದವರು ಹೆಸರು ಹಾಕಲಿಲ್ಲ. ಒಂದು ತಪ್ಪು ಹೆಜ್ಜೆ ಇಟ್ಟರೆ ಪೊಲೀಸರ ಕೈಯಲ್ಲಿ ಸಾವು. ಅದಕ್ಕೂ ಮೊದಲು 1988ರಲ್ಲಿ ಮಿರೋಸ್ಲಾವ್ ಫೀಡ್ಲರ್ ಬರೆದ, ಸೋವಿಯತ್ ಸುಧಾರಣೆಯ ಹೆಸರಾದ ಪೆರೆಸ್ಟ್ರೋಯಿಕಾಗೆ ಜೆಕ್ ಭಾಷೆಯಲ್ಲಿದ್ದ 'ಪ್ರೆಸ್ತಾವ್ಬಾ' ಎಂಬ ಪದವನ್ನೇ ಹೆಸರಾಗಿಟ್ಟುಕೊಂಡ ಆಟ ಬಂದಿತ್ತು. ತಯಾರಕರ ಜಾಗದಲ್ಲಿ ಇದ್ದದ್ದು 'ಊವೆ ಸಾಫ್ಟ್‌ವೇರ್'. ಊವೆ ಅಂದರೆ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯ ಸಂಕ್ಷೇಪ.

ಗಮನಿಸಿ, ಈ ಆಟಗಳಲ್ಲಿ ಆಡುವವರು ಗುಮಾಸ್ತರಲ್ಲ. ತಲೆಬಾಗುವ ಕಷ್ಟ ಅವರಿಗೆ ಹಗಲೆಲ್ಲ ಶಾಲೆಯಲ್ಲಿ, ಕಚೇರಿಯಲ್ಲಿ ಸಿಗುತ್ತಿತ್ತು. ರಾತ್ರಿ ಪರದೆಯ ಮುಂದೆ ಅವರಿಗೆ ಬೇಕಿದ್ದದ್ದು ತಿರುಗಿ ಬೀಳುವ ಒಂದು ಗಳಿಗೆ. ನೀವು ಬರೆಯುತ್ತಿರುವುದು ಐವತ್ತು ವರ್ಷ ಆದಮೇಲೆ, ಆ ಮೇಜನ್ನು ನೋಡದ ಓದುಗರಿಗೆ. ಆದ್ದರಿಂದ ನಿಮಗೆ ಗುಮಾಸ್ತನ ಮಾದರಿ ಸರಿ. ಯಾಕೆ ಸರಿ ಅನ್ನುವುದು ತಿಳಿದಿರಲಿ ಎಂದೇ ಇಷ್ಟು ಬರೆದೆ.

ಗಾತ್ರದ ಪಾಠವೂ ಇದೆ. 48 ಕೆಬಿ ಸ್ಪೆಕ್ಟ್ರಮ್‌ನಲ್ಲಿ ಪರದೆಗೇ 6,912 ಬೈಟ್ ಹೋಗುತ್ತಿತ್ತು, ಸಾಲಿಗೆ 32 ಅಕ್ಷರ, 24 ಸಾಲು. ಒಂದು ಕೋಣೆಯ ವರ್ಣನೆಯನ್ನು ಚಿಕ್ಕದಾಗಿಯೇ ಇಡಬೇಕಾಗುತ್ತಿತ್ತು. ಆ ಬಿಗಿಯಿಂದಲೇ ಅವುಗಳಿಗೆ ಪೆಟ್ಟಿನ ಗುಣ ಬಂತು. ನಿಮ್ಮ ಸುದ್ದಿಗೆ 60 ಪದ ಜಾಸ್ತಿ, 40 ಸಾಕು.

ಮೊಳೆಜೋಡಣೆ

ಕರಡು ಓದಿದೆ. ಒಂದು ಮುಖ್ಯ ನಿಯಮ ನಿಮ್ಮಲ್ಲಿ ಇಲ್ಲ, ಅದು ಬಂದರೆ ಆಟ ಬದಲಾಗುತ್ತದೆ.

ಜೂನ್ 25ರ ರಾತ್ರಿ ದೆಹಲಿಯ ಬಹದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳಿಗೆ ವಿದ್ಯುತ್ ಕಡಿದರು. 26ರಿಂದ ಮುದ್ರಣಪೂರ್ವ ಸೆನ್ಸಾರ್. 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಓದುಗರಿಗೆ ಎಲ್ಲವೂ ಅರ್ಥವಾಯಿತು. ಅಷ್ಟಾದ ಮೇಲೆ ಬಂದ ಸೂಚನೆಯೇ ನಿಮ್ಮ ಆಟದ ಅಚ್ಚು: ಸಂಪಾದಕೀಯದ ಜಾಗ ಖಾಲಿ ಬಿಡಬಾರದು, ಗಾಂಧಿ, ಟಾಗೋರ್ ಮುಂತಾದವರ ಉಕ್ತಿಗಳಿಂದಲೂ ಅದನ್ನು ತುಂಬಬಾರದು. ಬಂಧಿತರ ಹೆಸರು, ಅವರನ್ನು ಇಟ್ಟ ಜಾಗ ಕೂಡ ಅಚ್ಚಾಗುವಂತಿರಲಿಲ್ಲ.

ಈಗ ಪುಟ ಕಟ್ಟುವವರ ಜಾಗದಲ್ಲಿ ನಿಂತು ಯೋಚಿಸಿ. ಕತ್ತರಿ ಬಿದ್ದಲ್ಲಿ ಹನ್ನೆರಡು ಸಾಲು ಬಿದ್ದುಹೋಯಿತು. ಸೀಸದ ಮೊಳೆ, ಅಂದರೆ ಬಿಡಿ ಅಚ್ಚಕ್ಷರ, ಕೈಯಿಂದ ಜೋಡಿಸುವ ಕಾಲ ಅದು, ಒಂದು ಗುಂಡಿ ಒತ್ತಿ ಜಾಗ ಹಿಗ್ಗಿಸಲಾಗದು. ಆ ಹನ್ನೆರಡು ಸಾಲಿಗೆ ಏನಾದರೂ ಬೇಕೇ ಬೇಕು, ಅದೂ ಆಗಲೇ ಒಪ್ಪಿಗೆ ಪಡೆದದ್ದು ಬೇಕು, ಯಾಕೆಂದರೆ ಹೊಸದಾಗಿ ಬರೆದದ್ದನ್ನು ಮತ್ತೆ ಸೆನ್ಸಾರ್ ಕಚೇರಿಗೆ ಒಯ್ಯಬೇಕು. ಪೇಟೆ ಧಾರಣೆ, ಮಳೆ ವರದಿ, ಊರಿನ ನಾಟಕದ ಸುದ್ದಿ, ಇಂಥವು ಮೊದಲೇ ಮೊಳೆ ಜೋಡಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಬಚಾವ್. ಅದು ಮುಗಿದರೆ ಉಳಿಯುವುದು ಒಂದೇ: ಇಂದಿರಾ ಗಾಂಧಿ ಸರ್ಕಾರದ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಪ್ರಕಟಣೆ. ಅದಕ್ಕೆ ಒಪ್ಪಿಗೆ ಬೇಡ, ಅದು ಎಂದೂ ಖಾಲಿಯಾಗದು.

ಅಂದರೆ ಸರ್ಕಾರದ ಹೊಗಳಿಕೆ ಅಚ್ಚು ಹಾಕಿ ಎಂದು ಯಾರೂ ಆಜ್ಞೆ ಮಾಡಬೇಕಾಗಿಲ್ಲ. ಜಾಗ ಖಾಲಿ ಬಿಡಬಾರದು ಎಂಬ ಒಂದು ನಿಯಮ ಸಾಕು, ಪುಟ ತಾನಾಗಿ ಹೊಗಳಿಕೆಯಿಂದ ತುಂಬುತ್ತದೆ. ಇದನ್ನು ಮಾತಲ್ಲಿ ವಿವರಿಸಬೇಡಿ. ಆಡುವವರ ಕೈಯೇ ಐದನೇ ರಾತ್ರಿ ಆ ಪ್ರಕಟಣೆಯ ಕಡೆ ಚಾಚಲಿ.

ಗ್ಯಾಲಿಪ್ರೂಫ್

ಮೊಳೆಜೋಡಣೆಯವರೇ, ಕರಡಿನಲ್ಲಿ 'ಬೇರೆಯದು ಹಾಕು' ಎಂಬ ಆಯ್ಕೆ ಇತ್ತು, ಬೇರೆಯದು ಎಲ್ಲಿಂದ ಬರುತ್ತದೆ ಅನ್ನುವುದೇ ಇರಲಿಲ್ಲ. ಈಗ ಸಿಕ್ಕಿತು. ಪುಟದ ಲೆಕ್ಕ 50 ಸಾಲು ಇಡಬಹುದು: ಸುದ್ದಿಗಳು 20, 14, 10, 6. ಸರಾಸರಿ ಕತ್ತರಿ ರಾತ್ರಿಗೆ 12 ಸಾಲು. ಪೆಟ್ಟಿಗೆಯಲ್ಲಿ ಮೊದಲಿಗೆ ಎಷ್ಟು ಇರಬೇಕು? ಸಮಯವನ್ನು ಹೇಗೆ ಬಿಗಿಯುವುದು?

ಕವಲುದಾರಿ

ಸಮಯದಿಂದ ಶುರು ಮಾಡಿ. ರಾತ್ರಿ 10ರಿಂದ 2, ಒಟ್ಟು 240 ನಿಮಿಷ. ಇವು ಇತಿಹಾಸದ ಅಂಕಿಗಳಲ್ಲ, ಆಟದ ಅಳತೆಗಳು. ಪ್ರೂಫ್ ತೆಗೆಯಲು 20, ಸೆನ್ಸಾರ್ ಕಚೇರಿಗೆ ಹೋಗಿ ಕಾದು ಬರಲು 60, ಪುಟ ಕಟ್ಟಲು 40, ಯಂತ್ರಕ್ಕೆ ಏರಿಸಲು 45. ಒಟ್ಟು 165. ಉಳಿಯುವುದು 75 ನಿಮಿಷ. ಇಡೀ ಆಟ ನಡೆಯುವುದು ಆ 75 ನಿಮಿಷದಲ್ಲಿ.

ಅದರಲ್ಲಿ ಮಾಡಬಹುದಾದದ್ದು ಎರಡು ಕೆಲಸ. ಒಂದು, ಕತ್ತರಿ ಬಿದ್ದ ಸುದ್ದಿಗಾಗಿ ಮತ್ತೆ ಹೋಗಿ ವಾದಿಸುವುದು, 60 ನಿಮಿಷ, ಗೆದ್ದರೆ 6 ಸಾಲು ವಾಪಸ್. ಇನ್ನೊಂದು, ನಾಳೆಗಾಗಿ ಊರಿನ ಸುದ್ದಿ ಬರೆದು ಮೊಳೆ ಜೋಡಿಸಿಡುವುದು. ಸಾಲಿಗೆ 3 ನಿಮಿಷ, ಮೊಳೆ ಜೋಡಿಸುವ ಕಂಪೋಸಿಟರ್ ಒಬ್ಬರೇ ಇರುವುದರಿಂದ ರಾತ್ರಿಗೆ 8 ಸಾಲು ಮಿತಿ, ಅಂದರೆ 24 ನಿಮಿಷ. 24 ಕಳೆದರೆ 51 ಉಳಿಯುತ್ತದೆ, ವಾದಕ್ಕೆ 60 ಬೇಕು. ಎರಡೂ ಒಂದೇ ರಾತ್ರಿ ಆಗದು. ಸುದ್ದಿಗಾಗಿ ಜಗಳ ಮಾಡಿದರೆ ಪೆಟ್ಟಿಗೆ ಬರಿದು. ಪೆಟ್ಟಿಗೆ ತುಂಬಿದರೆ ಸುದ್ದಿ ಬಿಟ್ಟುಕೊಟ್ಟಂತೆ.

ಪೆಟ್ಟಿಗೆ 40 ಸಾಲಿನಿಂದ ಶುರುವಾಗಲಿ. ಏನೂ ಸೇರಿಸದಿದ್ದರೆ ನಾಲ್ಕನೇ ರಾತ್ರಿಗೆ ಮುಗಿಯುತ್ತದೆ. ಪ್ರತಿ ರಾತ್ರಿ ನಾಳೆಗೆಂದು 8 ಸೇರಿಸಿದರೆ ನಿವ್ವಳ ನಷ್ಟ 4, ಎಂಟು ರಾತ್ರಿ ಬರುತ್ತದೆ; ಒಂಬತ್ತನೆಯದಕ್ಕೆ ಉಳಿಯುವುದು 8, ಬೇಕಾದದ್ದು 12. ಎಷ್ಟೇ ಶಿಸ್ತಿನಿಂದ ಆಡಿದರೂ ಒಂಬತ್ತನೇ ರಾತ್ರಿ ಸರ್ಕಾರಿ ಪ್ರಕಟಣೆ ಮುಟ್ಟಲೇಬೇಕು. ಇದನ್ನು ಸಡಿಲಿಸಬೇಡಿ. ಪೂರ್ತಿ ಶುದ್ಧವಾಗಿ ಆಡಿ ಮುಗಿಸುವ ದಾರಿ ಇಟ್ಟರೆ ಜನ ಅದನ್ನು ಒಗಟಿನಂತೆ ಬಿಡಿಸುತ್ತಾರೆ, ಆಗ ಸೋತವರದೇ ತಪ್ಪು ಎಂಬ ಅರ್ಥ ಬಂದುಬಿಡುತ್ತದೆ.

ಒಂದು ಗುಪ್ತ ಅಂಕಿ ಇರಲಿ, ಹೆಸರು 'ಕಣ್ಣು'. ಪ್ರತಿ ವಾದಕ್ಕೂ ಒಂದು ಏರುತ್ತದೆ. ಐದು ದಾಟಿದರೆ ಸೆನ್ಸಾರ್ ಕಚೇರಿಯಲ್ಲಿ ಕಾಯುವ ಹೊತ್ತು 60ರಿಂದ 90 ಆಗುತ್ತದೆ. ಬಂಧನವಿಲ್ಲ, ಗದರಿಕೆಯಿಲ್ಲ, ಬೆಂಚಿನ ಮೇಲೆ ಇನ್ನೂ ಅರ್ಧ ಗಂಟೆ ಕೂರಿಸುತ್ತಾರೆ ಅಷ್ಟೆ. ಉಳಿದ 45 ನಿಮಿಷದಲ್ಲಿ ಮತ್ತೆ ವಾದ ಸಾಧ್ಯವೇ ಇಲ್ಲ. ಕಾರಣ ಮಾತ್ರ ಎಲ್ಲೂ ಬರೆಯಬೇಡಿ.

ಷರಾ

ಸುತ್ತೋಲೆಯ ಭಾಷೆ ಬಗ್ಗೆ ಹೇಳಲೇಬೇಕು. ಕರಡಿನ ಸುತ್ತೋಲೆಗಳಲ್ಲಿ 'ಸರ್ಕಾರ ಆಜ್ಞಾಪಿಸುತ್ತದೆ', 'ನಾವು ಶಿಕ್ಷಿಸುತ್ತೇವೆ' ಎಂದಿದೆ. ಕಚೇರಿ ಕನ್ನಡ ಹಾಗೆ ಮಾತಾಡುವುದೇ ಇಲ್ಲ. ಅಲ್ಲಿ ಕರ್ತೃವೇ ಇರುವುದಿಲ್ಲ. 'ಆದೇಶಿಸಲಾಗಿದೆ', 'ಗಮನಕ್ಕೆ ಬಂದಿರುತ್ತದೆ', 'ಸೂಕ್ತ ಕ್ರಮ ಜರುಗಿಸಲಾಗುವುದು'. ಯಾರು ಆದೇಶಿಸಿದರು, ಯಾರ ಗಮನಕ್ಕೆ ಬಂತು, ಯಾವುದು ಸೂಕ್ತ? ಮೂರಕ್ಕೂ ಉತ್ತರವಿಲ್ಲ. ಈ '-ಲಾಗಿದೆ' ಎಂಬ ಕ್ರಿಯಾಪದವೇ ನಿಮ್ಮ ಮುಖ್ಯ ಖಳ. ಮೊದಲ ಮೂರು ರಾತ್ರಿಯ ಸುತ್ತೋಲೆಯಲ್ಲಿ ಸಹಿ ಮಾಡಿದವರ ಹುದ್ದೆ ಇರಲಿ. ನಾಲ್ಕರಿಂದ 'ಮೇಲಿನವರ ಅಪ್ಪಣೆ ಮೇರೆಗೆ' ಮಾತ್ರ. ಎಂಟರಿಂದ ಅದೂ ಇಲ್ಲ.

ರಚನೆ ಹೀಗಿದ್ದರೆ ನಿಜದ ಹತ್ತಿರ: ವಿಷಯ, ಉಲ್ಲೇಖ, ಪೀಠಿಕೆ, ಆದೇಶದ ಅಂಶಗಳು, ಪ್ರತಿಗಳು. ಆಟಕ್ಕೆ ಬೇಕಾದ ನಿಯಮವನ್ನು ಅಂಶಗಳ ನಡುವೆ ಎಲ್ಲೋ ಆರನೆಯದಾಗಿ ಇಡಿ. ಉಲ್ಲೇಖದಲ್ಲಿ ಕೈಗೇ ಬಾರದ ಹಿಂದಿನ ಸುತ್ತೋಲೆಯ ಸಂಖ್ಯೆ ಇರಲಿ, ಆಟಗಾರರು ಹಿಂದಕ್ಕೆ ಹುಡುಕಿದರೆ ಸಿಗಬಾರದು. ಸುತ್ತೋಲೆಯ ಉದ್ದ ರಾತ್ರಿಯಿಂದ ರಾತ್ರಿಗೆ ಬೆಳೆಯಲಿ, ಮೊದಲನೆಯದು 30 ಪದ, ಹನ್ನೊಂದನೆಯದು 180. ಆಟದ ಗಡಿಯಾರ ಸುತ್ತೋಲೆ ಓದುವಾಗಲೂ ಓಡಬೇಕು.

ಎದುರಿಗೆ ಪ್ರೆಸ್ಸಿನ ಒಳಗಿನ ಮಾತು ಇರಲಿ: 'ಗ್ಯಾಲಿ ಇಳಿಸು', 'ಸ್ಟಿಕ್ ತುಂಬಿತು', 'ಇದಕ್ಕೆ ಎರಡು ಸಾಲು ಕಮ್ಮಿ ಬೀಳ್ತದೆ'. (ಸ್ಟಿಕ್ ಅಂದರೆ ಸಾಲು ಜೋಡಿಸುವ ಕೈಪಟ್ಟಿ, ಗ್ಯಾಲಿ ಅಂದರೆ ಜೋಡಿಸಿದ್ದನ್ನು ಇಡುವ ತಟ್ಟೆ.) ಆ ಮಾತಿನಲ್ಲಿ ಕರ್ತೃ ಸ್ಪಷ್ಟ, ಕೆಲಸ ಸ್ಪಷ್ಟ. ಎರಡು ಕನ್ನಡಗಳ ಈ ಗುದ್ದಾಟ ಪದಗಳಲ್ಲೇ ಕಾಣಿಸಿದರೆ ಹೊರಗಿಂದ ವಿವರಣೆ ತರಬೇಕಾಗಿಲ್ಲ.

ಒತ್ತಕ್ಷರ

ತಾಂತ್ರಿಕ ಕಡೆ. ಪಠ್ಯ ಆಟ ಬರೆಯುವ ಸಾಧನಗಳಾದ ಇಂಕ್ ಅಥವಾ ಟ್ವೈನ್, ಎರಡರಲ್ಲೂ ಆಗುತ್ತದೆ. ನಿಮ್ಮದು ಅಂಕಿಗಳ ಆಟ, ಹಾಗಾಗಿ ಇಂಕ್ ಮೇಲು. ಎಚ್ಚರಿಕೆ: ಇಂಕ್‌ನಲ್ಲಿ ಪಠ್ಯ ಕನ್ನಡದಲ್ಲಿ ಇಡಬಹುದು, ಗಂಟುಗಳ (ಪಠ್ಯದ ಭಾಗಗಳ) ಹೆಸರು ಮತ್ತು ಚರಾಂಶದ (ಬದಲಾಗುವ ಅಂಕಿ, ಪದ ಇಟ್ಟುಕೊಳ್ಳುವ ಜಾಗದ) ಹೆಸರು ಮಾತ್ರ ರೋಮನ್ ಅಕ್ಷರದಲ್ಲೇ ಇಡಿ. ಟ್ವೈನ್‌ನ ಶುಗರ್‌ಕ್ಯೂಬ್ ಎಂಬ ಮಾದರಿಯಲ್ಲಿ ಪುಟಗಳ ಹೆಸರು ಕನ್ನಡದಲ್ಲಿ ಇಡಬಹುದು, ಚರಾಂಶಕ್ಕೆ ಅಲ್ಲಿಯೂ ರೋಮನ್ನೇ.

ಕನ್ನಡದಲ್ಲಿ ಎಲ್ಲರೂ ಎಡವುವ ಜಾಗ ವಿಭಕ್ತಿ. ಹೆಸರನ್ನು ಚರಾಂಶದಲ್ಲಿಟ್ಟು ಮುಂದೆ 'ಗೆ' ಅಂಟಿಸಿದರೆ 'ರಾಮಗೆ' ಆಗುತ್ತದೆ. ಬೇಕಿದ್ದದ್ದು 'ರಾಮನಿಗೆ'. 'ಸೀತೆಗೆ' ಸರಿಯಾಗಿ ಬರುತ್ತದೆ, ಆದ್ದರಿಂದ ಪರೀಕ್ಷೆಯಲ್ಲಿ ತಪ್ಪು ಕಣ್ಣಿಗೆ ಬೀಳದೆ ಉಳಿಯುತ್ತದೆ. ನಿಯಮ ಬರೆಯಲು ಹೋಗಬೇಡಿ. ಪ್ರತಿ ಹೆಸರಿಗೂ ಐದು ರೂಪ ಕೈಯಾರೆ ಬರೆದಿಡಿ: ರಾಮ, ರಾಮನನ್ನು, ರಾಮನಿಗೆ, ರಾಮನ, ರಾಮನಿಂದ. ಹತ್ತು ಪಾತ್ರಕ್ಕೆ ಐವತ್ತು ಪದ, ಅರ್ಧ ಗಂಟೆಯ ಕೆಲಸ. ಕ್ರಿಯಾಪದದ ಲಿಂಗ ವಚನವನ್ನೂ ವಾಕ್ಯದಲ್ಲೇ ಬರೆಯಿರಿ. ಆಡುವವರನ್ನು 'ನೀವು' ಎಂದು ಕರೆದರೆ 'ಬಂದಿರಿ, ಕತ್ತರಿಸಿದಿರಿ' ಎಂದು ಒಂದೇ ರೂಪ ಸಾಕು, ಲಿಂಗದ ತೊಡಕೂ ಇಲ್ಲ.

ಕಪ್ಪು ಪಟ್ಟಿಯ ಬಗ್ಗೆ. ಸೆನ್ಸಾರ್ ಆದ ಪದದ ಮೇಲೆ ಬರೀ ಕಪ್ಪು ಹಿನ್ನೆಲೆ ಹಾಕಿದರೆ ಎರಡು ಎಡವಟ್ಟು. ಪಟ್ಟಿಯ ಎತ್ತರ ಸಾಲದಿದ್ದರೆ ಕೆಳಗಿನ ಒತ್ತಕ್ಷರ ಹೊರಗೆ ಇಣುಕುತ್ತದೆ, 'ಬಂಧನಕ್ಕೆ' ಎಂಬ ಪದದ ಕ ಒತ್ತು ಕಾಣಿಸಿದರೆ ಊಹೆ ಸುಲಭ. ಇನ್ನೊಂದು, ಆ ಪದ ಒಳಗೆ ಹಾಗೇ ಇರುತ್ತದೆ: ನಕಲು ಮಾಡಿ ಬೇರೆಡೆ ಅಂಟಿಸಿದರೆ ಓದಬಹುದು, ಅಂಧ ಓದುಗರ ತಂತ್ರಾಂಶ ಅದನ್ನು ಗಟ್ಟಿಯಾಗಿ ಓದಿಬಿಡುತ್ತದೆ. ಪದವನ್ನೇ ತೆಗೆದು ಆ ಜಾಗಕ್ಕೆ ಕಪ್ಪು ಚೌಕಗಳನ್ನು ಹಾಕಿ, ತಂತ್ರಾಂಶಕ್ಕೆ 'ಕತ್ತರಿಸಲಾಗಿದೆ' ಎಂಬ ಪದ ಕೊಡಿ. ಷರಾ ಹೇಳಿದ ಕರ್ತೃವಿಲ್ಲದ ಕ್ರಿಯಾಪದ ಅಲ್ಲಿಯೂ ಕೂರುತ್ತದೆ.

ಅಕ್ಷರ ಒಂದೊಂದಾಗಿ ಮೂಡುವ ಬೆರಳಚ್ಚು ಪರಿಣಾಮ ಕನ್ನಡಕ್ಕೆ ಬೇಡ. 'ಪತ್ರಿಕೆ' ಎಂಬುದು ಪ, ಪತ, ಪತ್, ಪತ್ರ, ಪತ್ರಿ ಎಂದು ಕಣ್ಣೆದುರು ಒಡೆದು ಕೂಡುತ್ತದೆ. ಪದಪದವಾಗಿ ತೋರಿಸಿ. ಸಾಲಿನ ಎತ್ತರ 1.7 ಇಡಿ, 1.2ರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ಗುದ್ದುತ್ತದೆ. ಹಿಂದಕ್ಕೆ ಹೋಗುವ ಗುಂಡಿಯನ್ನು ತೆಗೆದುಹಾಕಿ. ಶುಗರ್‌ಕ್ಯೂಬ್‌ನಲ್ಲಿ ಅದು ತಾನಾಗಿಯೇ ಇರುತ್ತದೆ, ಇತಿಹಾಸದ ಮಿತಿಯನ್ನು 1 ಮಾಡಬೇಕು. ಠಸ್ಸೆ ಒತ್ತಿದ್ದನ್ನು ಹಿಂದಕ್ಕೆ ಪಡೆಯಬಹುದಾದರೆ ಠಸ್ಸೆಗೆ ಭಾರವಿಲ್ಲ.

ಹಳೆಯ 'ನುಡಿ' ತಂತ್ರಾಂಶದ ಕಡತಗಳಿಂದ ಪಠ್ಯ ತರುತ್ತಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಕಣ್ಣಿಂದ ನೋಡಿ. ಪರಿವರ್ತಕಗಳು ಹೆಚ್ಚಾಗಿ ಸೋಲುವುದು ಅಲ್ಲೇ.

ಬೆಳಗಿನಜಾವ

ಹಳೇಕ್ಯಾಸೆಟ್ ಹೇಳಿದ ಜೆಕ್ ಆಟಗಳಲ್ಲಿ ಆಡುವವರೇ ಆಜ್ಞೆ ಬೆರಳಚ್ಚಿಸುತ್ತಿದ್ದರಲ್ಲ, ಕನ್ನಡದಲ್ಲೂ 'ಪತ್ರ ತೆಗೆ', 'ಬಾಗಿಲು ತೆರೆ' ಎಂದು ಬರೆಸಬಾರದೇ? ಆಯ್ಕೆ ಒತ್ತುವುದಕ್ಕಿಂತ ಅದು ಗಾಢ ಅಲ್ಲವೇ?

ಒತ್ತಕ್ಷರ

ಗಾಢ ಹೌದು. ಆಜ್ಞೆ ಬರೆಸುವ ಆಟ ಕಟ್ಟುವ ಇನ್‌ಫಾರ್ಮ್ ಎಂಬ ಸಾಧನದಲ್ಲಿ ಗ್ಲುಲ್ಕ್ಸ್ ಎಂಬ ಕಡತ ರೂಪ ಬಳಸಿ, ಆಟ ಗುರುತಿಸುವ ಪದಗಳ ನಿಘಂಟಿನ ಪ್ರತಿ ಅಕ್ಷರಕ್ಕೆ 4 ಬೈಟ್ ಎಂದು ಹೊಂದಿಸಿದರೆ ಕನ್ನಡ ಪದ ಗುರುತಿಸುತ್ತದೆ. ಆದರೆ ನಿಘಂಟಿನ ಪದದ ಉದ್ದ ಮೊದಲಿಗೆ 9 ಸಂಕೇತ ಮಾತ್ರ. ಕನ್ನಡದಲ್ಲಿ ಗುಣಿತ, ವಿರಾಮ (ಅರ್ಧಾಕ್ಷರದ ಚಿಹ್ನೆ) ಎಲ್ಲವೂ ಬೇರೆ ಬೇರೆ ಸಂಕೇತ. 'ಪತ್ರಿಕೋದ್ಯಮ' ಒಂಬತ್ತರಲ್ಲಿ 'ಪತ್ರಿಕೋದ್' ಆಗಿ ತುಂಡಾಗುತ್ತದೆ. 'ಪತ್ರಿಕೋದ್ಯೋಗಿ' ಕೂಡ ಅಲ್ಲೇ ತುಂಡಾಗುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಉದ್ದವನ್ನು 24ಕ್ಕೆ ಏರಿಸಿ.

ಏರಿಸಿದ ಮೇಲೆ ಇನ್ನೊಂದು ಸಮಸ್ಯೆ: 'ಪುಸ್ತಕ ತೆಗೆ', 'ಪುಸ್ತಕವನ್ನು ತೆಗೆ', 'ಪುಸ್ತಕಾನ ತೆಗಿ', ಮೂರನ್ನೂ ಜನ ಬರೆಯುತ್ತಾರೆ. ಕ್ರಿಯಾಪದ ಕೊನೆಯಲ್ಲಿ ಬರುವುದರಿಂದ ಇಂಗ್ಲಿಷಿಗೆ ಕಟ್ಟಿದ ವಾಕ್ಯ ವಿಂಗಡಣೆಯನ್ನು ಬುಡದಿಂದ ತಿರುಗಿಸಬೇಕು. 'ರ‍್ಯಾಲಿ' ಥರದ ಪದದಲ್ಲಿ ಕಣ್ಣಿಗೆ ಕಾಣದ ಜೋಡಕ ಸಂಕೇತ ಇರುತ್ತದೆ, ಕೀಲಿಮಣೆಯಿಂದ ಕೀಲಿಮಣೆಗೆ ಅದರ ಜಾಗ ಬೇರೆ. ಓಕಾರ ಕೆಲವೆಡೆ ಒಂದೇ ಸಂಕೇತ, ಕೆಲವೆಡೆ ಮೂರು ತುಂಡು. ಹೋಲಿಸುವ ಮೊದಲು ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತಂದು, ಶೂನ್ಯ ಅಗಲದ ಸಂಕೇತಗಳನ್ನು ಕಿತ್ತುಹಾಕಬೇಕು. ಇದೆಲ್ಲ ಮಾಡಬಹುದು, ಮಾಡಿದರೆ ಕನ್ನಡಕ್ಕೆ ದೊಡ್ಡ ಉಪಕಾರ. ಆದರೆ ಅದು ಬೇರೆಯೇ ಕೆಲಸ, ಈ ಆಟ ಅದಕ್ಕಾಗಿ ಕಾಯಬಾರದು. ಒಂದೇ ಒಂದು ಜಾಗದಲ್ಲಿ ಬೆರಳಚ್ಚು ಇಟ್ಟರೆ ಸಾಕು: ಪೆಟ್ಟಿಗೆಗೆ ಸೇರಿಸುವ ಊರಿನ ಸುದ್ದಿಯ ತಲೆಬರಹವನ್ನು ಆಡುವವರೇ ಬರೆಯಲಿ. ಅದನ್ನು ಯಂತ್ರ ಅರ್ಥಮಾಡಿಕೊಳ್ಳಬೇಕಾಗಿಲ್ಲ, ಮರುದಿನ ಪುಟದಲ್ಲಿ ತೋರಿಸಿದರಾಯಿತು.

ಬೆಳಗಿನಜಾವ

ಇನ್ನೊಂದು ಪ್ರಶ್ನೆ. ನಿಜವಾದ ವ್ಯಕ್ತಿಗಳು ಬರಬೇಕೇ? ಪೋಪ್ ಅವರಂತೆ ಕಲ್ಪಿತ ದೇಶ ಮಾಡಿಬಿಟ್ಟರೆ ಹಗುರವಲ್ಲವೇ?

ಮೊಳೆಜೋಡಣೆ

ಕಲ್ಪಿತ ದೇಶ ಮಾಡಿದರೆ ಕನ್ನಡ ಓದುಗರಿಗೆ ಇದು ಬೇರೆ ಯಾರದೋ ಕಥೆ ಆಗಿಬಿಡುತ್ತದೆ. ತುರ್ತುಪರಿಸ್ಥಿತಿ ನಮ್ಮ ಊರಲ್ಲೇ ನಡೆಯಿತು. ಜೂನ್ 26ರಂದು ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಲ್ಲೇ ಬಂಧಿತರಾದರು. ಇವತ್ತಿನ ಫ್ರೀಡಂ ಪಾರ್ಕ್ ಅಂದಿನ ಕೇಂದ್ರ ಕಾರಾಗೃಹ. ನಿಮ್ಮ ಮೊದಲ ರಾತ್ರಿಯ ಮೊದಲ ಸುದ್ದಿ ಇದೇ ಆಗಬೇಕು: ಕಚೇರಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ನಡೆದ, ಊರಿಗೆಲ್ಲ ಬಾಯಿಂದ ಬಾಯಿಗೆ ಗೊತ್ತಾದ, ಅಚ್ಚು ಹಾಕಲಾಗದ 20 ಸಾಲು.

ಆದರೆ ಗೆರೆ ಒಂದಿದೆ. ನಟಿ ಸ್ನೇಹಲತಾ ರೆಡ್ಡಿ ಅವರನ್ನು ಅದೇ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು, ಉಬ್ಬಸ ತೀರಾ ಹೆಚ್ಚಾದ ಮೇಲೆ ಪೆರೋಲ್ ಮೇಲೆ ಬಿಟ್ಟರು, 1977ರ ಜನವರಿ 20ರಂದು ತೀರಿಕೊಂಡರು. ಇಂಥವರನ್ನು ಆಟದ ಪಾತ್ರ ಮಾಡಬೇಡಿ, ಅವರ ಬಾಯಿಗೆ ಮಾತು ಹಾಕಬೇಡಿ, ಅವರ ನೋವನ್ನು ಅಂಕಿಗೆ ಕಟ್ಟಬೇಡಿ. ಅವರು ಸುದ್ದಿಯಾಗಿ ಮಾತ್ರ ಬರಲಿ, ದಾಖಲೆಯಲ್ಲಿ ಇರುವಷ್ಟೇ. ದಿನಾಂಕಕ್ಕೂ ಕ್ರಮಕ್ಕೂ ತುರ್ತುಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗದ 1978ರ ವರದಿಯ ಮೂರು ಭಾಗ ಇವೆ, ಸೆನ್ಸಾರ್ ಬಗ್ಗೆ ಅಲ್ಲಿ ಸಾಕಷ್ಟಿದೆ. 1976ರ ಫೆಬ್ರುವರಿಯಲ್ಲಿ ನಾಲ್ಕು ಸುದ್ದಿಸಂಸ್ಥೆಗಳನ್ನು ಸೇರಿಸಿ 'ಸಮಾಚಾರ್' ಮಾಡಿದ್ದನ್ನು ಬಿಡಬೇಡಿ. ಆಟದಲ್ಲಿ ಅದು ಸುಲಭ: ಆರನೇ ರಾತ್ರಿವರೆಗೆ ಸುದ್ದಿಯ ಮೇಲೆ ನಾಲ್ಕು ಬೇರೆ ಬೇರೆ ಹೆಸರು, ಏಳರಿಂದ ಒಂದೇ. ಯಾವ ಪಾತ್ರವೂ ಅದನ್ನು ಗುರುತಿಸಿ ಹೇಳಬಾರದು. ಬಂಧಿತರು ಬಿಡುಗಡೆ ಕೋರಿ ಕೋರ್ಟಿಗೆ ಹೋಗುವಂತಿಲ್ಲ ಎಂದ, 1976ರ ಏಪ್ರಿಲ್ 28ರ ಸುಪ್ರೀಂ ಕೋರ್ಟಿನ ಹೇಬಿಯಸ್ ಕಾರ್ಪಸ್ ತೀರ್ಪಿಗೆ ಒಂದು ಇಡೀ ರಾತ್ರಿ ಕೊಡಿ. ನಾಲ್ಕು ನ್ಯಾಯಮೂರ್ತಿಗಳು ಒಂದು ಕಡೆ, ಎಚ್.ಆರ್. ಖನ್ನಾ ಒಬ್ಬರೇ ಇನ್ನೊಂದು ಕಡೆ. ತೀರ್ಪಿಗೆ 14 ಸಾಲು, ಭಿನ್ನಮತಕ್ಕೆ 6 ಸಾಲು, ಉಳಿಸಿಕೊಳ್ಳಲು ವಾದಿಸಿದರೆ ಸಿಗುವುದು 6. ಲೆಕ್ಕ ತಾನಾಗಿ ಕೂಡುತ್ತದೆ.

ಹಳೇಕ್ಯಾಸೆಟ್

ಕಾಲ ಸರಿಯುವುದನ್ನು ತೋರಿಸುವ ಒಂದು ಹಳೆಯ ಉಪಾಯ ಹೇಳುತ್ತೇನೆ. 1985ರಲ್ಲಿ ಇನ್ಫೋಕಾಮ್ ಕಂಪನಿಗೆ ಸ್ಟೀವ್ ಮೆರೆಟ್ಸ್ಕಿ ಬರೆದ 'ಎ ಮೈಂಡ್ ಫಾರೆವರ್ ವಾಯೇಜಿಂಗ್' ಆಟದಲ್ಲಿ ರಾಕ್‌ವಿಲ್ ಎಂಬ ಊರಿದೆ. ಆಡುವವರು ಅದೇ ಊರನ್ನು 2041ರಲ್ಲಿ ನೋಡುತ್ತಾರೆ, ಆಮೇಲೆ ಹತ್ತು ಹತ್ತು ವರ್ಷ ಮುಂದೆ ಹೋಗಿ 2081ರವರೆಗೆ ನೋಡುತ್ತಾರೆ. ಒಗಟು ಹೆಚ್ಚುಕಡಿಮೆ ಇಲ್ಲ. ಅವೇ ಬೀದಿ, ಅದೇ ಮನೆ, ಅದೇ ಉದ್ಯಾನ. ರಾಷ್ಟ್ರ ಪುನರುತ್ಥಾನದ ಯೋಜನೆ ಎಂಬ ಒಂದು ಸುಂದರ ಹೆಸರು ಆ ಜಾಗಗಳನ್ನು ಏನು ಮಾಡಿತು ಎಂದು ಆಡುವವರೇ ನಡೆದು ಕಂಡುಕೊಳ್ಳುತ್ತಾರೆ.

ನಿಮ್ಮ ಆಟದಲ್ಲಿ ಸೆನ್ಸಾರ್ ಕಚೇರಿಗೆ ಹೋಗುವ ಹಾದಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಪ್ರತಿ ಸಲ ಹೊಸದಾಗಿ ವರ್ಣಿಸಬೇಡಿ. ಒಂದೇ ನಾಲ್ಕು ವಾಕ್ಯ ಇಟ್ಟು, ಸಲಕ್ಕೆ ಒಂದೆರಡು ಪದ ಮಾತ್ರ ಬದಲಿಸಿ. ಚಹಾ ಅಂಗಡಿಯಲ್ಲಿ 'ಮಾತು ಜೋರಾಗಿದೆ', ಮುಂದಿನ ಸಲ 'ಮಾತು ನಡೆದಿದೆ', ಆಮೇಲೆ 'ಮಾತು ಕೇಳಿಸುವುದಿಲ್ಲ', ಕೊನೆಗೆ 'ರೇಡಿಯೋ ಹಾಕಿದೆ'. ಬೇಗ ಓದುವವರಿಗೆ ತಪ್ಪಿಹೋಗುತ್ತದೆ ನಿಜ. ಗಮನಿಸಿದವರಿಗೆ ಅದು ಬಹುಕಾಲ ಉಳಿಯುತ್ತದೆ.

ಕವಲುದಾರಿ

ಪರೀಕ್ಷೆಗೆ ಕೊಟ್ಟಾಗ ಈ ಬಗೆಯ ಆಟಗಳು ಕೆಡುವ ಜಾಗಗಳನ್ನು ಮೊದಲೇ ನೋಡಿಕೊಳ್ಳಿ. ಎರಡನೇ ಸಲ ಆಡುವವರು ಮೊದಲ ರಾತ್ರಿಯೇ ಪುಟವನ್ನೆಲ್ಲ ಸರ್ಕಾರಿ ಪ್ರಕಟಣೆಯಿಂದ ತುಂಬಿ ಸಮಯ ಉಳಿಸುತ್ತಾರೆ. ಅದನ್ನು ತಡೆಯಬೇಡಿ, ದಂಡವನ್ನೂ ಹಾಕಬೇಡಿ. ಆ ದಾರಿ ನಿಜಕ್ಕೂ ಸುಲಭವಾಗಿತ್ತು, ಆಟದಲ್ಲೂ ಸುಲಭವಾಗಿರಲಿ. ಕಂಪೋಸಿಟರ್ ಆ ರಾತ್ರಿ ಏನೂ ಮಾತಾಡುವುದಿಲ್ಲ, ಅಷ್ಟು ಸಾಕು. ಪಾತ್ರ ಬಂದು ಬುದ್ಧಿ ಹೇಳಿದರೆ ಆಡುವವರು ಪಾತ್ರದ ಜೊತೆ ಜಗಳಕ್ಕೆ ಬೀಳುತ್ತಾರೆ. ಮೌನದ ಜೊತೆ ಜಗಳ ಆಡಲು ಬರುವುದಿಲ್ಲ.

ಪರದೆಯ ಮೇಲೆ ಕಾಣುವ ಅಂಕಿ ಎರಡೇ ಇರಲಿ, ಉಳಿದ ನಿಮಿಷ ಮತ್ತು ಪೆಟ್ಟಿಗೆಯ ಸಾಲು. 'ಆತ್ಮಸಾಕ್ಷಿ 40' ಎಂಬಂಥ ಪಟ್ಟಿ ಖಂಡಿತ ಬೇಡ. ಅದನ್ನು ಕಂಡ ಕ್ಷಣ ಜನ ಅದನ್ನು ತುಂಬಿಸಲು ಆಡುತ್ತಾರೆ. ಮತ್ತು ಯಾವ ಸುದ್ದಿಯ ಯಾವ ಸಾಲು ಕತ್ತರಿಯಾಯಿತು ಅನ್ನುವುದನ್ನು ಆಟ ನೆನಪಿಟ್ಟುಕೊಳ್ಳಲಿ. ಇಂಕ್‌ನಲ್ಲಿ ಇದಕ್ಕೆ ಪಟ್ಟಿ (ಲಿಸ್ಟ್) ಎಂಬ ಸೌಲಭ್ಯ ಇದೆ, ಕತ್ತರಿಸಿದ ಕೂಡಲೇ ಸುದ್ದಿಯ ಹೆಸರು ಅದಕ್ಕೆ ಸೇರಲಿ. ಕೊನೆಯ ರಾತ್ರಿಗೆ ಬೇಕಾಗುತ್ತದೆ.

ಗ್ಯಾಲಿಪ್ರೂಫ್

ಕೊನೆಯ ರಾತ್ರಿ ಕೂಡಿಸಿ ನೋಡಿದೆ. ಕವಲುದಾರಿಯವರ ಪಟ್ಟಿಯಿಂದಲೇ ಅದು ಸಿಕ್ಕಿತು.

1977ರ ಜನವರಿ 18ರಂದು ಚುನಾವಣೆ ಘೋಷಣೆಯಾಯಿತು, ಅದರ ಬೆನ್ನಿಗೇ ಸೆನ್ಸಾರ್ ಸಡಿಲವಾಯಿತು. ಹನ್ನೆರಡನೇ ರಾತ್ರಿ ಸುತ್ತೋಲೆ ಇಲ್ಲ. ಸೆನ್ಸಾರ್ ಕಚೇರಿಗೆ ಹೋಗಬೇಕಾಗಿಲ್ಲ, ಆ 60 ನಿಮಿಷ ಉಳಿಯುತ್ತದೆ. 75ಕ್ಕೆ ಸೇರಿ 135. ಸಾಲಿಗೆ 3 ನಿಮಿಷದಂತೆ 45 ಸಾಲು ಮೊಳೆ ಜೋಡಿಸಬಹುದು. ಎಂಟು ಸಾಲಿನ ಮಿತಿ ಅವತ್ತು ಇಲ್ಲ, ಯಾಕೆಂದರೆ ಹಗಲು ಪಾಳಿಯ ಕಂಪೋಸಿಟರುಗಳೂ ಮನೆಗೆ ಹೋಗಿಲ್ಲ, ಮೊಳೆ ಇಡುವ ಕೇಸಿನ ಮುಂದೆ ನಿಂತಿದ್ದಾರೆ.

ಪರದೆಯ ಮೇಲೆ ಹನ್ನೊಂದು ರಾತ್ರಿ ಕತ್ತರಿಯಾದ ಎಲ್ಲ ಸಾಲುಗಳು ಬರುತ್ತವೆ, ಆಡುವವರು ತಾವೇ ಕತ್ತರಿಸಿದ್ದು ಸೇರಿ. ವಾದಿಸಿ ಏನೂ ಗೆಲ್ಲದಿದ್ದರೆ ಸುಮಾರು 132 ಸಾಲು. ಪುಟದಲ್ಲಿ ಜಾಗ 50. ಸಮಯ 45 ಸಾಲಿಗೆ. ಯಾವುದನ್ನು ಹಾಕುವುದು ಎಂದು ಒಂದೊಂದಾಗಿ ಆರಿಸಬೇಕು, ಆರಿಸಿದಂತೆ ನಿಮಿಷ ಇಳಿಯುತ್ತದೆ. ಖನ್ನಾ ಅವರ 6 ಸಾಲು ಹಾಕಿದರೆ ಮೊದಲ ರಾತ್ರಿಯ 20 ಸಾಲಿಗೆ ಸಮಯ ಉಳಿಯುತ್ತದೋ ಇಲ್ಲವೋ ನೋಡಿಕೊಳ್ಳಬೇಕು.

ಕೊನೆಗೆ 5 ಸಾಲಿನ ಜಾಗ ಉಳಿಯುತ್ತದೆ. ಇಪ್ಪತ್ತು ಅಂಶಗಳ ಪ್ರಕಟಣೆಯ ಮೊಳೆ ಕಟ್ಟಿದ್ದು ಪಕ್ಕದಲ್ಲೇ ಇದೆ, ಸರಿಯಾಗಿ 5 ಸಾಲು. ಅದರ ಕೆಳಗೆ ಹನ್ನೊಂದು ರಾತ್ರಿ ಇರದಿದ್ದ ಒಂದು ಹೊಸ ಆಯ್ಕೆ ಇಡುತ್ತೇನೆ: 'ಜಾಗ ಖಾಲಿ ಬಿಡು'.